ಶಟಲ್ ಡಬ್ಬದೊಳಗೆ ಒಂದು ಚೂರು ಒದ್ದೆ ಸ್ಪಂಜು

ಬ್ಯಾಡ್ಮಿಂಟನ್ ಆಡುವ ಗರಿಯ ಶಟಲ್ ಬೇಗ ಮುರಿಯುತ್ತಿದೆಯಾ? ಆಡುವ ಹಿಂದಿನ ರಾತ್ರಿ ಡಬ್ಬದಲ್ಲಿ ಗರಿ ಇರುವ ಕಡೆಯ ಮುಚ್ಚಳದೊಳಗೆ ಒದ್ದೆ ಸ್ಪಂಜಿನ ಸಣ್ಣ ಚೂರು ಇಟ್ಟು ಮುಚ್ಚಿ. ಚೆನ್ನಾಗಿ ಹಿಂಡಿರಬೇಕು, ಒಂದು ಹನಿಯೂ ತೊಟ್ಟಿಕ್ಕಬಾರದು. ಗರಿಯೂ ನಮ್ಮ ಉಗುರಿನ ಹಾಗೆ ಕೆರಾಟಿನ್ ಎಂಬ ಪ್ರೋಟೀನಿನಿಂದ ಆದದ್ದು. ಒಣಗಿದರೆ ಪಟ್ಟನೆ ಸೀಳುತ್ತದೆ, ಸ್ವಲ್ಪ ತೇವ ಹೀರಿಕೊಂಡರೆ ಬಾಗುತ್ತದೆ. ಡಬ್ಬವನ್ನು ಅಟ್ಟದ ಮೇಲಂತೂ ಇಡಬೇಡಿ, ಬೇಸಿಗೆಯಲ್ಲಿ ತಾರಸಿಯ ಕಾವೆಲ್ಲ ಅಲ್ಲಿಗೇ ಇಳಿಯುತ್ತದೆ. ಫೆಬ್ರವರಿ, ಮಾರ್ಚ್ ತಿಂಗಳ ಬೆಂಗಳೂರು, ಬಳ್ಳಾರಿಯ ಒಣಹವೆಗೆ ಇದು ಹೇಳಿ ಮಾಡಿಸಿದ ಉಪಾಯ. ಮಳೆಗಾಲದ ಮಂಗಳೂರಲ್ಲಿ ಬೇಡವೇ ಬೇಡ, ಬೂಷ್ಟು ಹಿಡಿಯುತ್ತದೆ. ಬೆಳಿಗ್ಗೆ ಮರೆಯದೆ ಸ್ಪಂಜು ತೆಗೆದುಬಿಡಿ. ತೇವ ಜಾಸ್ತಿಯಾದರೆ ಶಟಲ್ ಭಾರವಾಗಿ ಆಟದ ವೇಗವೇ ಕೆಡುತ್ತದೆ. ನೈಲಾನ್ ಶಟಲ್‌ಗೆ ಇದೆಲ್ಲ ಬೇಕಿಲ್ಲ.