ಕುಮಟಗಿಯ ಫೋಟೊ ತೆಗೆಯಬೇಕೆ? ನೀರಿನ ಜಾಡು ಹಿಡಿಯಿರಿ

ವಿಜಯಪುರದಿಂದ ಸಿಂದಗಿ ರಸ್ತೆ ಹಿಡಿದು ಹೆಚ್ಚುಕಡಿಮೆ 20 ಕಿ.ಮೀ. ಹೋದರೆ ಕುಮಟಗಿ. ಆದಿಲಶಾಹಿ ದೊರೆಗಳು ಬಿಸಿಲ ಧಗೆ ತಪ್ಪಿಸಿಕೊಳ್ಳಲು ಬರುತ್ತಿದ್ದ ತಾಣ. ಕೆರೆ, ಚೌಕ ಹೊಂಡದ ನಡುವೆ ಜಲಮಂಟಪ, ಆಚೀಚೆ ಪಾಳುಬಿದ್ದ ಕಟ್ಟಡಗಳು. ಬಂದವರು ಮಂಟಪದೆದುರು ಸೆಲ್ಫಿ ತೆಗೆದು ಹೊರಟುಬಿಡುತ್ತಾರೆ. ಇಲ್ಲಿನ ಜಾಣ್ಮೆಯೆಲ್ಲ ಇರುವುದು ನೀರಿನ ಏರ್ಪಾಟಿನಲ್ಲಿ.

ನವೆಂಬರ್‌ನಿಂದ ಫೆಬ್ರುವರಿಯೊಳಗೆ, ಸೂರ್ಯ ಹುಟ್ಟಿದ ಒಂದು ತಾಸಿನೊಳಗೆ ತಲುಪಿ. ಓರೆ ಬಿಸಿಲಿಗೆ ಗಚ್ಚಿನ ಉಬ್ಬುತಗ್ಗು ಎದ್ದು ಕಾಣುತ್ತದೆ. ಮಧ್ಯಾಹ್ನಕ್ಕೆ ಗೋಡೆಯೆಲ್ಲ ಚಪ್ಪಟೆ. ಕುಡಿಯುವ ನೀರು ತಲೆಗೆ 2 ಲೀಟರ್, ಕಾಲಿಗೆ ಮುಚ್ಚಿದ ಬೂಟು. ಟ್ರೈಪಾಡ್ ಬಳಸುವುದಿದ್ದರೆ ಮೊದಲೇ ಅನುಮತಿ ಪಡೆಯಿರಿ. ಕಮಾನಿನ ಕೆಳಗೆ ಕಾಲಿಡುವ ಮುಂಚೆ ಕತ್ತೆತ್ತಿ ನೋಡಿ, ಹೆಜ್ಜೇನು ಇದ್ದರೆ ಅತ್ತ ಹೋಗಲೇಬೇಡಿ.

ಕ್ಯಾಮೆರಾ ತೆಗೆಯದೆ ಒಂದು ಸುತ್ತು ಹಾಕಿ. ನೀರನ್ನು ಎತ್ತರದ ಗೋಪುರಕ್ಕೆ ಏರಿಸಿ, ಅಲ್ಲಿಂದ ಕೊಳವೆಯಲ್ಲಿ ಇಳಿಸಿದರೆ ಆ ಒತ್ತಡಕ್ಕೇ ಕಾರಂಜಿ ಚಿಮ್ಮುತ್ತಿತ್ತು. ಫೋಟೊಗಳೂ ಇದೇ ಸರದಿಯಲ್ಲಿರಲಿ: ಕೆರೆ, ಗೋಪುರ, ಒಡೆದ ಕೊಳವೆಯ ಬಾಯಿ, ಕೊನೆಗೆ ಮಂಟಪ. ಕೊಳವೆಯ ಪಕ್ಕ ಒಂದು ರೂಪಾಯಿ ನಾಣ್ಯ ಇಟ್ಟು ತೆಗೆದರೆ ಅಳತೆ ತಿಳಿಯುತ್ತದೆ.

ಹೊಂಡದಲ್ಲಿ ನೀರಿದ್ದರೆ ಕ್ಯಾಮೆರಾವನ್ನು ಮೊಣಕಾಲಿಗಿಂತ ಕೆಳಗೆ ಹಿಡಿಯಿರಿ, ಬಿಂಬ ತುಂಬ ಬರುತ್ತದೆ. ಹೊಳಪು ತಡೆಯುವ ಪೋಲರೈಸರ್ ಫಿಲ್ಟರ್ ಹಾಕಿ ತಿರುಗಿಸಿದಿರೋ, ಬಿಂಬವೇ ಮಾಯ! ಮೊಬೈಲಿನ 0.5 (ಅಗಲ ನೋಟದ) ಲೆನ್ಸನ್ನು ಮೇಲಕ್ಕೆ ಓರೆಮಾಡಿದರೆ ಗೋಡೆಗಳು ಒಳಗೆ ವಾಲಿದಂತೆ ಕಾಣುತ್ತವೆ. 1ರಲ್ಲೇ ಇಟ್ಟು ಹತ್ತು ಹೆಜ್ಜೆ ಹಿಂದೆ ಸರಿಯಿರಿ, ಫೋನ್ ನೆಟ್ಟಗಿರಲಿ.

ಕಷ್ಟ ಕೊಡುವುದು ಗೋಡೆಚಿತ್ರ. ಕುಸ್ತಿಪಟುಗಳು, ಕುದುರೆಯೇರಿ ಪೋಲೊ ಆಡುವವರು ಮಾಸಿಹೋಗಿ ಗೆರೆಯಷ್ಟೇ ಉಳಿದಿದ್ದಾರೆ. ಫ್ಲ್ಯಾಶ್ ಹೊಡೆದರೆ ಗಚ್ಚು ಬೆಳ್ಳಗೆ ಹೊಳೆದು ಫೋಟೊದಲ್ಲಿ ಆ ಗೆರೆಯೂ ಕಾಣದಾಗುತ್ತದೆ. ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 1600, ಲೆನ್ಸಿನ ಕಿಂಡಿ ಎಫ್/5.6, ಮೊಣಕೈ ಕಂಬಕ್ಕೆ ಆನಿಸಿ 1/30 ಸೆಕೆಂಡಿನಿಂದ ಶುರುಮಾಡಿ. ಗೋಡೆಗೆ ಮಾತ್ರ ಒರಗಬೇಡಿ, ಬಟ್ಟೆ ತಾಗಿದರೂ ಬಣ್ಣ ಉದುರೀತು. ಬಣ್ಣದ ಛಾಯೆ ಹೊಂದಿಸುವ ವೈಟ್ ಬ್ಯಾಲೆನ್ಸನ್ನು ಆಟೊ ಬಿಟ್ಟರೆ ಒಂದೊಂದು ಫೋಟೊದಲ್ಲಿ ಗೋಡೆ ಒಂದೊಂದು ಬಣ್ಣ. ಅದನ್ನು ನೆರಳಿನ (ಶೇಡ್) ಸೆಟ್ಟಿಂಗ್‌ಗೆ ಕಟ್ಟಿಹಾಕಿ. ಜಾಲರಿ ಅಡ್ಡ ಬಂದರೆ ಲೆನ್ಸನ್ನು ಅದಕ್ಕೆ ಹತ್ತಿಸಿ ಹಿಡಿಯಿರಿ, ಕಂಬಿ ಮಸುಕಾಗಿ ಕರಗುತ್ತದೆ.

ಗೆರೆ ಎದ್ದು ಕಾಣಲೆಂದು ಚಿತ್ರಕ್ಕೆ ನೀರು ಚಿಮುಕಿಸುವವರೂ ಇದ್ದಾರೆ. ಒದ್ದೆ ಗಚ್ಚು ಒಣಗುವಾಗ ಒಳಗಿನ ಉಪ್ಪು ಮೇಲೆದ್ದು ಬಣ್ಣದ ಪದರವನ್ನೇ ಎಬ್ಬಿಸುತ್ತದೆ. ಮುಂದಿನ ಸಲ ಬಂದವರಿಗೆ ಅಲ್ಲಿ ಬರೀ ಗೋಡೆ.