ಚಾಚಿದ ಕೈಯ ಮುಂದೆ ಮನಸ್ಸು ಕಲ್ಲಾಗದಂತೆ ನೋಡಿಕೊಳ್ಳುವುದು ಹೇಗೆ

ಬೆಂಗಳೂರಿನಲ್ಲಿ ಹತ್ತಾರು ವರ್ಷ ಬದುಕಿದವರಲ್ಲಿ ಬಹಳ ಮಂದಿಗೆ ಒಂದು ಅಭ್ಯಾಸ ತಾನಾಗಿಯೇ ಅಂಟಿಕೊಂಡಿರುತ್ತದೆ. ಸಿಗ್ನಲ್ಲಿನಲ್ಲಿ ಯಾರಾದರೂ ಕಾರಿನ ಗಾಜು ತಟ್ಟಿದರೆ ಕಣ್ಣು ಮೊಬೈಲಿನ ಕಡೆಗೆ ಹೊರಳುತ್ತದೆ. ಬಸ್ ನಿಲ್ದಾಣದಲ್ಲಿ ಕೈ ಚಾಚಿದವರಿಗೆ, ಮುಖವನ್ನೂ ನೋಡದೆ, 'ಮುಂದೆ ಹೋಗಿ' ಎಂಬ ಮಾತು ಬಾಯಿಂದ ಹೊರಡುತ್ತದೆ. ಮೊದಲ ವರ್ಷಗಳಲ್ಲಿ ಹೀಗೆ ಮಾಡಿದಾಗ ಒಳಗೆ ಏನೋ ಚುಚ್ಚುತ್ತಿತ್ತು, ಈಗ ಚುಚ್ಚುವುದಿಲ್ಲ ಎಂದು ಯಾರಿಗಾದರೂ ಅನ್ನಿಸಿದ್ದರೆ, ಈ ಬರಹ ಅವರಿಗಾಗಿ. ಭಿಕ್ಷೆ ಕೊಡುವುದು ಸರಿಯೋ ತಪ್ಪೋ ಎಂಬ ವಾದವನ್ನು ಇಲ್ಲಿ ಎತ್ತಿಕೊಂಡಿಲ್ಲ. ಕೊಡುವ ದಿನವೂ ಕೊಡದ ದಿನವೂ ಮನಸ್ಸು ಒಣಗದಂತೆ ಉಳಿಸಿಕೊಳ್ಳಲು ನಾನು ಕಂಡುಕೊಂಡ ದಾರಿಯನ್ನಷ್ಟೇ ಬರೆಯುತ್ತಿದ್ದೇನೆ.

ಮೊದಲು ಮಾಡಬೇಕಾದ ಕೆಲಸವೆಂದರೆ, ಈ ಅಪನಂಬಿಕೆ ಎಲ್ಲಿ, ಯಾರಿಂದ ಶುರುವಾಯಿತು ಎಂದು ನೆನಪಿಸಿಕೊಳ್ಳುವುದು. ನನ್ನ ಮಟ್ಟಿಗೆ ಅದು ಮೆಜೆಸ್ಟಿಕ್‌ನಲ್ಲಿ ಶುರುವಾಯಿತು. ಇಸ್ತ್ರಿ ಮಾಡಿದ ಅಂಗಿ ತೊಟ್ಟಿದ್ದ ಒಬ್ಬ ವ್ಯಕ್ತಿ, ಪಕ್ಕದಲ್ಲಿ ಹೆಂಡತಿಯನ್ನೂ ಮಗುವನ್ನೂ ನಿಲ್ಲಿಸಿಕೊಂಡು, ಕೆಲಸ ಹುಡುಕಿಕೊಂಡು ಬಂದವರ ಪರ್ಸ್ ಕಳುವಾಗಿದೆ, ರಾಯಚೂರಿಗೆ ವಾಪಸು ಹೋಗಲು ಟಿಕೆಟ್ಟಿಗೆ ಹಣವಿಲ್ಲ ಎಂದ. ನಾನು ಐನೂರು ರೂಪಾಯಿ ಕೊಟ್ಟೆ. ನಾಲ್ಕು ತಿಂಗಳ ಬಳಿಕ ಯಶವಂತಪುರದಲ್ಲಿ ಅದೇ ವ್ಯಕ್ತಿ, ಅದೇ ಮಾತು. ಊರು ಮಾತ್ರ ಬಳ್ಳಾರಿಯಾಗಿತ್ತು. ಅಂದಿನಿಂದ ಸುಮಾರು ಎರಡು ವರ್ಷ ನಾನು ಯಾರಿಗೂ ಒಂದು ರೂಪಾಯಿ ಕೊಡಲಿಲ್ಲ. ಆ ಎರಡು ವರ್ಷವೂ ನಮ್ಮ ಬಡಾವಣೆಯ ದರ್ಶಿನಿಯೊಂದರ ಮೆಟ್ಟಿಲ ಪಕ್ಕದಲ್ಲಿ ಒಬ್ಬ ಅಜ್ಜಿ ಕೂತಿರುತ್ತಿದ್ದರು. ಅವರು ಪಕ್ಕದ ಬೀದಿಯ ಮನೆಗಳಲ್ಲಿ ವರ್ಷಗಟ್ಟಲೆ ಮುಸುರೆ ತಿಕ್ಕಿದವರು, ಕಣ್ಣಿಗೆ ಪೊರೆ ಬಂದು ಕೆಲಸ ಬಿಟ್ಟುಹೋದ ಮೇಲೆ ಅಲ್ಲಿ ಕೂತವರು ಎಂದು ದರ್ಶಿನಿಯಲ್ಲಿ ಟೇಬಲ್ ಒರೆಸುವ ಹುಡುಗ ಒಂದು ದಿನ ಹೇಳಿದ. ಆ ಅಜ್ಜಿ ನನಗೆ ಯಾವ ಕಥೆಯನ್ನೂ ಹೇಳಿರಲಿಲ್ಲ, ಯಾವ ಸುಳ್ಳನ್ನೂ ಆಡಿರಲಿಲ್ಲ. ರಾಯಚೂರಿನ ಟಿಕೆಟ್ಟಿನ ಲೆಕ್ಕವನ್ನು ನಾನು ಅವರಿಂದ ವಸೂಲಿ ಮಾಡುತ್ತಿದ್ದೆ.

ಮೋಸ ಮಾಡಿದವರು ಯಾರು, ಅದರ ದಂಡ ಕಟ್ಟುತ್ತಿರುವವರು ಯಾರು ಎಂದು ಒಮ್ಮೆ ಹೆಸರಿಟ್ಟು ಕೇಳಿಕೊಂಡರೆ, ಅಪನಂಬಿಕೆ ಅರ್ಧದಷ್ಟಾದರೂ ಸಡಿಲವಾಗುತ್ತದೆ. ಉಳಿದರ್ಧಕ್ಕೆ ಒಂದು ಕ್ರಮ ಬೇಕು.

ನಮ್ಮ ಹಿರಿಯರಿಗೆ ಅಪಾತ್ರದಾನ ಎಂಬ ಮಾತು ಗೊತ್ತಿತ್ತು. ಕೊಡುವ ಮೊದಲು ಪಾತ್ರತೆ ನೋಡಬೇಕು ಎಂಬ ಆ ತಿಳಿವಳಿಕೆ, ಕೊಡುವವರಿಗೆ ತೆಗೆದುಕೊಳ್ಳುವವರ ಗುರುತಿದ್ದ ಊರುಗಳಲ್ಲಿ ಹುಟ್ಟಿದ್ದು. ಸುಗ್ಗಿಯಲ್ಲಿ ಕಣಕ್ಕೆ ಬರುವ ದಾಸಯ್ಯ, ಜೋಗಿ, ಬುಡಬುಡಿಕೆಯವನು ಯಾವ ಊರಿನವರೆಂದು ರೈತರಿಗೆ ತಿಳಿದಿರುತ್ತಿತ್ತು. ವಾರಾನ್ನಕ್ಕೆ ಬರುವ ಹುಡುಗ ಯಾರ ಮಗನೆಂದು ಮನೆಯವರಿಗೆ ಗೊತ್ತಿರುತ್ತಿತ್ತು. ಅದೇ ಪಾತ್ರತೆಯನ್ನು ಸಿಲ್ಕ್ ಬೋರ್ಡಿನ ಸಿಗ್ನಲ್ಲಿನಲ್ಲಿ ದೀಪ ಹಸಿರಾಗುವುದರೊಳಗೆ ಅಳೆಯಲು ಹೊರಟರೆ, ನಮ್ಮ ಕೈಯಲ್ಲಿರುವ ಅಳತೆಗೋಲು ಅವರ ಬಟ್ಟೆ ಎಷ್ಟು ಹರಿದಿದೆ, ಮುಖ ಎಷ್ಟು ಬಾಡಿದೆ ಎಂಬುದಷ್ಟೇ ಆಗಿರುತ್ತದೆ. ಆದ್ದರಿಂದ ತೀರ್ಮಾನವನ್ನು ರಸ್ತೆಯಲ್ಲಿ ಮಾಡಬಾರದು. ಮನೆಯಲ್ಲಿ, ಮುಂಚಿತವಾಗಿ ಮಾಡಿಟ್ಟುಕೊಳ್ಳಬೇಕು.

ಅದನ್ನು ಮಾಡುವ ಬಗೆ ಸರಳವಾಗಿದೆ. ಸಂಬಳ ಬಂದ ವಾರ, ಕೈಬಿಟ್ಟು ಹೋದರೂ ನೋವಾಗದಷ್ಟು ಮೊತ್ತವೊಂದನ್ನು ಗೊತ್ತುಮಾಡಿಕೊಳ್ಳಿ. ಇನ್ನೂರಾದರೂ ಸರಿ, ಸಾವಿರವಾದರೂ ಸರಿ. ಯುಪಿಐ ಬಂದ ಮೇಲೆ ನಮ್ಮ ಜೇಬಿನಲ್ಲಿ ಚಿಲ್ಲರೆ ಇರುವುದೇ ಅಪರೂಪ, 'ಚಿಲ್ಲರೆ ಇಲ್ಲ' ಎಂಬ ಮಾತು ನಿಜವೇ ಆಗಿಬಿಟ್ಟಿದೆ. ಆದ್ದರಿಂದ ಆ ಮೊತ್ತವನ್ನು ಹತ್ತರ ನೋಟು, ಹತ್ತರ ನಾಣ್ಯಗಳಾಗಿ ಬದಲಿಸಿ, ಪರ್ಸಿಗಿಂತ ಬೇರೆಯಾದ ಒಂದು ಜೇಬಿನಲ್ಲಿಡಿ. ಆ ಜೇಬಿನ ಹಣ ಈಗಾಗಲೇ ನಿಮ್ಮದಲ್ಲ ಎಂದು ಭಾವಿಸಿ. ಯಾರಿಗೆ ಪ್ರಶ್ನೆಯಿಲ್ಲದೆ ಕೊಡುವುದು ಎಂದೂ ಮೊದಲೇ ಗೊತ್ತುಮಾಡಿಕೊಳ್ಳಿ: ನಾನು ವಯಸ್ಸಾದವರಿಗೆ ಮತ್ತು ಅಂಗವಿಕಲರಿಗೆ ಏನನ್ನೂ ಕೇಳದೆ ಕೊಡುತ್ತೇನೆ. ಜೇಬು ಬರಿದಾದ ಮೇಲೆ ಆ ತಿಂಗಳು ಕೊಡುವುದಿಲ್ಲ, ಅದಕ್ಕಾಗಿ ಕೊರಗುವುದೂ ಇಲ್ಲ. ಕೊಟ್ಟ ಹತ್ತು ರೂಪಾಯಿ ಬೀಡಿಗೆ ಹೋಯಿತೋ ಚಹಾಕ್ಕೆ ಹೋಯಿತೋ ಎಂದು ಬೆನ್ನಟ್ಟುವುದನ್ನು ಬಿಟ್ಟುಬಿಡಬೇಕು. ಚಳಿಯ ರಾತ್ರಿ ಫುಟ್‌ಪಾತಿನಲ್ಲಿ ಮಲಗುವವರಿಗೆ ಯಾವುದು ಅಗತ್ಯ, ಯಾವುದು ಅಲ್ಲ ಎಂದು ಹೇಳುವ ಅಧಿಕಾರ ಹತ್ತು ರೂಪಾಯಿಗೆ ದಕ್ಕುವುದಿಲ್ಲ.

ಉದ್ದವಾದ ಕಥೆ ಹೇಳುವವರಿಗೆ ನಾನು ನಗದು ಕೊಡುವುದಿಲ್ಲ. ಟಿಕೆಟ್ಟಿಗೆಂದು ಕೇಳಿದರೆ ಕೌಂಟರಿನವರೆಗೆ ಜೊತೆಯಲ್ಲಿ ನಡೆಯುತ್ತೇನೆ, ಔಷಧಿಗೆಂದು ಚೀಟಿ ತೋರಿಸಿದರೆ ಅಂಗಡಿಯವರೆಗೆ ಹೋಗುತ್ತೇನೆ. ಬಹಳ ಮಂದಿ ಬರಲು ಒಪ್ಪುವುದಿಲ್ಲ. ಆದರೆ ಒಪ್ಪಿಕೊಂಡು, ದಾವಣಗೆರೆಯ ಬಸ್ಸು ಹತ್ತಿ, ಕಿಟಕಿಯಿಂದ ಕೈಮುಗಿದು ಹೋದವರೂ ಇದ್ದಾರೆ. ಸಮಯವಿಲ್ಲದ ದಿನ ಕೈಮುಗಿದು ಮುಂದೆ ಹೋಗುತ್ತೇನೆ, ಸುಳ್ಳುಗಾರರೆಂದು ಬೈಯುವುದಿಲ್ಲ.

ಮಕ್ಕಳ ವಿಚಾರ ಬೇರೆಯೇ. ಅದನ್ನು ಬಹಳ ಎಚ್ಚರದಿಂದ ನೋಡಬೇಕು. ಮಗುವಿನ ಕೈಗೆ ಹಣ ಕೊಡಬಾರದು ಎಂಬುದು ನನ್ನ ದೃಢವಾದ ಅಭಿಪ್ರಾಯ. ಏಕೆಂದರೆ ಸಿಗ್ನಲ್ಲಿನಲ್ಲಿ ನಿಂತ ಮಗುವಿಗೆ ಶಾಲೆಯಲ್ಲಿ ಕೂತ ಮಗುವಿಗಿಂತ ಹೆಚ್ಚು ಆದಾಯ ಬರುತ್ತಿರುವವರೆಗೆ ಅದನ್ನು ಅಲ್ಲಿಂದ ಯಾರೂ ಕದಲಿಸುವುದಿಲ್ಲ. ಮಕ್ಕಳನ್ನು ಭಿಕ್ಷೆಗೆ ಹಚ್ಚುವ ಜಾಲಗಳ ಭಯ ಹೊಸತೇನಲ್ಲ. 2015ರ ಬಾಲನ್ಯಾಯ ಕಾಯ್ದೆಯ ಪ್ರಕಾರ ಮಗುವನ್ನು ಭಿಕ್ಷೆಗೆ ಬಳಸಿದವರಿಗೆ ಐದು ವರ್ಷದವರೆಗೆ ಸೆರೆವಾಸ ಮತ್ತು ಒಂದು ಲಕ್ಷ ರೂಪಾಯಿ ದಂಡವಿದೆ, ಅದಕ್ಕಾಗಿ ಮಗುವಿನ ಅಂಗ ಊನ ಮಾಡಿದವರಿಗೆ ಕನಿಷ್ಠ ಏಳು ವರ್ಷದ ಕಠಿಣ ಸೆರೆವಾಸವಿದೆ. ಆದರೆ ಈ ಭಯವನ್ನೇ ನೆಪ ಮಾಡಿಕೊಂಡು, 'ಇದೆಲ್ಲ ಮಾಫಿಯಾ' ಎಂದು ಗಾಜು ಏರಿಸಿಬಿಡುವುದು ಆ ಮಗುವಿಗೆ ಎರಡನೆಯ ಅನ್ಯಾಯ. ಮಾಫಿಯಾ ಎಂದು ನಿಜವಾಗಿಯೂ ನಂಬಿದವರು ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಬೇಕು. ಕರೆಗೆ ಹಣ ಬೇಕಿಲ್ಲ, ಎರಡು ನಿಮಿಷ ಸಾಕು. ಯಾವ ವೃತ್ತ, ರಸ್ತೆಯ ಯಾವ ಬದಿ, ಹತ್ತಿರದ ಅಂಗಡಿಯೋ ದೇವಸ್ಥಾನವೋ ಯಾವುದು, ಎಷ್ಟು ಮಕ್ಕಳು, ವಯಸ್ಸು ಸುಮಾರು ಎಷ್ಟಿರಬಹುದು, ದಿನದ ಯಾವ ಹೊತ್ತಿನಲ್ಲಿ ಅವರು ಅಲ್ಲಿರುತ್ತಾರೆ, ಜೊತೆಯಲ್ಲಿ ದೊಡ್ಡವರು ಇದ್ದಾರೆಯೇ ಎಂಬುದನ್ನು ಸ್ಪಷ್ಟವಾಗಿ ಹೇಳಿ. ಮಗುವಿನ ಫೋಟೋ ತೆಗೆದು ವಾಟ್ಸ್ಆ್ಯಪ್ ಗುಂಪುಗಳಿಗೆ ಹಾಕಬೇಡಿ. ರಕ್ಷಿಸಿದ ಮಗುವನ್ನು ಪ್ರಯಾಣದ ಅವಧಿ ಬಿಟ್ಟು 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕೆಂದು ಕಾನೂನು ಹೇಳುತ್ತದೆ. ಒಂದು ವಾರದ ಬಳಿಕ ಅದೇ ಜಾಗದಲ್ಲಿ ಅದೇ ಮಗು ಕಂಡರೆ ಮತ್ತೆ ಕರೆ ಮಾಡಿ. ನಾನು ಒಂದೇ ವೃತ್ತಕ್ಕಾಗಿ ಮೂರು ಸಲ ಮಾಡಿದ್ದೇನೆ. ಹಸಿದ ಮಗುವಿಗೆ ತಿನ್ನಲು ಕೊಡುವುದಾದರೆ ಸುಲಿದ ಬಾಳೆಹಣ್ಣನ್ನೋ ಬಿಚ್ಚಿದ ಬಿಸ್ಕತ್ತಿನ ಪೊಟ್ಟಣವನ್ನೋ ಕೊಡಿ, ಅಲ್ಲೇ ತಿನ್ನಲಿ.

ದೊಡ್ಡವರ ಬಗ್ಗೆ ನಾವು ಸಲೀಸಾಗಿ ಆಡುವ ಇನ್ನೊಂದು ಮಾತು 'ದುಡಿದು ತಿನ್ನಬಾರದೇ' ಎಂಬುದು. ಹಾಗೆ ಹೇಳುವ ಮೊದಲು, ಅವರನ್ನು ನಾಳೆಯಿಂದ ನಿಮ್ಮ ಮನೆಯ ಅಥವಾ ಕಚೇರಿಯ ಯಾವ ಕೆಲಸಕ್ಕೆ ತೆಗೆದುಕೊಳ್ಳುವಿರಿ ಎಂದು ಕೇಳಿಕೊಳ್ಳಿ. ವಿಳಾಸವಿಲ್ಲ, ಆಧಾರ್ ಎಂದೋ ಕಳೆದುಹೋಗಿದೆ, ಸ್ನಾನಕ್ಕೆ ನೀರಿಲ್ಲ, ಅರವತ್ತು ದಾಟಿದೆ. ಇಂಥವರನ್ನು ಕಾವಲುಗಾರರಾಗಿಯೂ ಯಾರೂ ನೇಮಿಸುವುದಿಲ್ಲ. ಮಂಗಳಮುಖಿಯರನ್ನು ತೃತೀಯ ಲಿಂಗಿಗಳೆಂದು ಸುಪ್ರೀಂ ಕೋರ್ಟ್ 2014ರಲ್ಲಿಯೇ ಮಾನ್ಯ ಮಾಡಿತು. ಅವರಿಗೆ ಬಾಡಿಗೆ ಮನೆ ಕೊಡುವ ಮಾಲೀಕರು ನಮ್ಮ ಬೀದಿಯಲ್ಲಿ ಎಷ್ಟು ಮಂದಿ ಇದ್ದಾರೆಂದು ನೋಡಿದರೆ, ಸಿಗ್ನಲ್ಲಿನ ಚಪ್ಪಾಳೆ ಎಲ್ಲಿಂದ ಬರುತ್ತದೆ ಎಂದು ತಿಳಿಯುತ್ತದೆ.

ಸರ್ಕಾರ ನೋಡಿಕೊಳ್ಳಲಿ ಎನ್ನುವವರು ಒಂದು ಸಂಗತಿಯನ್ನು ಗಮನಿಸಬೇಕು. 1975ರ ಕರ್ನಾಟಕ ಭಿಕ್ಷಾಟನೆ ನಿಷೇಧ ಕಾಯ್ದೆಯ ಅಡಿಯಲ್ಲಿ ಆಸ್ತಿ ತೆರಿಗೆಯ ಮೇಲೆ ಶೇಕಡ 3ರಷ್ಟು ಭಿಕ್ಷುಕರ ಕರ ವಸೂಲಾಗುತ್ತದೆ. ಅಂದರೆ ಸ್ವಂತ ಮನೆಯುಳ್ಳ ಪ್ರತಿಯೊಬ್ಬರೂ ಭಿಕ್ಷುಕರಿಗಾಗಿ ಈಗಾಗಲೇ ಹಣ ಕೊಡುತ್ತಿದ್ದಾರೆ. ನಿಮ್ಮ ತೆರಿಗೆಯ ರಸೀದಿಯಲ್ಲಿ ಆ ಮೊತ್ತ ಎಷ್ಟೆಂದು ಹುಡುಕಿ ನೋಡಿ. ಅದು ಯಾವುದಕ್ಕೆ ಖರ್ಚಾಯಿತು ಎಂದು ಮಾಹಿತಿ ಹಕ್ಕಿನ ಅಡಿಯಲ್ಲಿ ಕೇಳುವುದು ಜೇಬಿನ ಹತ್ತು ರೂಪಾಯಿಯ ಬಗ್ಗೆ ಅನುಮಾನಪಡುವುದಕ್ಕಿಂತ ಹೆಚ್ಚು ಸಾರ್ಥಕ. ಅದೇ ಕಾಯ್ದೆ ಭಿಕ್ಷೆ ಬೇಡುವವರನ್ನು ಹಿಡಿದು ನಿರಾಶ್ರಿತರ ಪರಿಹಾರ ಕೇಂದ್ರಗಳಲ್ಲಿ ಇರಿಸಲು ಅವಕಾಶ ಕೊಡುತ್ತದೆ. ಮಾಗಡಿ ರಸ್ತೆಯ ಕೇಂದ್ರದಲ್ಲಿ 2010ರ ಆಗಸ್ಟ್‌ನಲ್ಲಿ ಕೆಲವೇ ದಿನಗಳೊಳಗೆ ಇಪ್ಪತ್ತಕ್ಕೂ ಹೆಚ್ಚು ಮಂದಿ ಸತ್ತದ್ದನ್ನು ಮರೆಯಬಾರದು. ಆದ್ದರಿಂದ ನಮ್ಮ ಬೀದಿ ಚೊಕ್ಕಟವಾಗಿ ಕಾಣಲೆಂದು ಯಾರನ್ನಾದರೂ ಹಿಡಿಸಿ ಕಳಿಸುವುದನ್ನು ಸಹಾಯ ಎಂದು ಕರೆಯಲು ನನ್ನ ಮನಸ್ಸು ಒಪ್ಪುವುದಿಲ್ಲ. 2021ರ ಜುಲೈನಲ್ಲಿ, ಕೋವಿಡ್ ಕಾಲದಲ್ಲಿ, ಬೀದಿಗಳಲ್ಲಿ ಭಿಕ್ಷೆ ಬೇಡದಂತೆ ತಡೆಯಬೇಕೆಂಬ ಕೋರಿಕೆಯನ್ನು ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಇದು ಬಡತನದ ಪ್ರಶ್ನೆ ಎಂದೇ ನೋಡಿತು.

ಕೆಲವು ಸಂದರ್ಭಗಳಲ್ಲಿ ಹತ್ತು ರೂಪಾಯಿಗಿಂತ ಒಂದು ದೂರವಾಣಿ ಕರೆ ದೊಡ್ಡದು. ಮನೆಯವರು ಬಿಟ್ಟುಹೋದಂತೆ ತೋರುವ ವೃದ್ಧರನ್ನು ಕಂಡರೆ 14567ಕ್ಕೆ ತಿಳಿಸಿ, ಅದು ಹಿರಿಯ ನಾಗರಿಕರ ಸಹಾಯವಾಣಿ. ತಮ್ಮಷ್ಟಕ್ಕೆ ಮಾತಾಡಿಕೊಳ್ಳುತ್ತ, ಬಟ್ಟೆಯ ಪರಿವೆಯೂ ಇಲ್ಲದೆ ಅಲೆಯುವವರು ಭಿಕ್ಷುಕರಲ್ಲ, ಕಾಯಿಲೆಯವರು. ಅಂಥವರನ್ನು ರಕ್ಷಣೆಗೆ ತೆಗೆದುಕೊಂಡು ಆರೋಗ್ಯ ಸಂಸ್ಥೆಗೆ ಕರೆದೊಯ್ಯುವ ಹೊಣೆಯನ್ನು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಪೊಲೀಸರ ಮೇಲೆ ಹೊರಿಸಿದೆ. ಠಾಣೆಗೆ ತಿಳಿಸುವಾಗ ಆ ಕಾಯ್ದೆಯ ಹೆಸರನ್ನು ವಿನಯದಿಂದಲೇ ಹೇಳಿ.

ಊಟ ಕೊಡುವವರು ಮೊದಲು ಕೇಳಬೇಕು. ಒಮ್ಮೆ ನಾನು ಅದೇ ದರ್ಶಿನಿಯ ಅಜ್ಜಿಗೆ ಗರಿಗರಿಯಾದ ಮಸಾಲೆದೋಸೆ ಕಟ್ಟಿಸಿ ಕೊಟ್ಟೆ, ಅವರು ಅದನ್ನು ಮಡಿಲಲ್ಲಿಟ್ಟುಕೊಂಡು ಸುಮ್ಮನೆ ಕೂತರು. ಅವರಿಗೆ ಹಲ್ಲಿರಲಿಲ್ಲ. ಮರುದಿನ ಏನು ಬೇಕೆಂದು ಕೇಳಿದಾಗ 'ಬಿಸಿ ಅನ್ನ, ಸಾರು' ಎಂದರು. ಇಂದಿರಾ ಕ್ಯಾಂಟೀನಿನಲ್ಲಿ ತಿಂಡಿಗೆ 5 ರೂಪಾಯಿ, ಊಟಕ್ಕೆ 10 ರೂಪಾಯಿ; ಹತ್ತಿರದಲ್ಲಿ ಕ್ಯಾಂಟೀನ್ ಇದ್ದರೆ ನಿಮ್ಮ ಒಂದು ನೋಟು ಒಂದು ಹೊತ್ತಿನ ಊಟವೇ ಆಗುತ್ತದೆ. ಏಪ್ರಿಲ್‌ನಲ್ಲಿ ಚಪ್ಪಲಿ, ಡಿಸೆಂಬರ್‌ನಲ್ಲಿ ಕಂಬಳಿ, ಎಲ್ಲ ಕಾಲಕ್ಕೂ ನೀರಿನ ಬಾಟಲಿ ಬೇಕಾಗುತ್ತವೆ.

ಕೊಡಲಾಗದ ದಿನ ಏನು ಮಾಡುವುದು ಎಂಬುದನ್ನೂ ಅಭ್ಯಾಸ ಮಾಡಿಕೊಳ್ಳಬೇಕು. ಮುಖ ನೋಡಿ, 'ಇವತ್ತು ಇಲ್ಲಮ್ಮ' ಎಂದು ಹೇಳಿ. ಮೊದಮೊದಲು ಇದು ಕಷ್ಟ. ಕಣ್ಣಿಟ್ಟು ನೋಡಿದವರಿಗೆ ಇಲ್ಲವೆನ್ನುವುದು, ನೋಡದೆಯೇ ಇಲ್ಲವೆನ್ನುವುದಕ್ಕಿಂತ ಭಾರ. ಆ ಭಾರ ಇನ್ನೂ ತಿಳಿಯುತ್ತಿದೆ ಎಂದರೆ ಮನಸ್ಸು ಜೀವಂತವಾಗಿದೆ ಎಂದೇ ಅರ್ಥ. ಕೊಟ್ಟದ್ದನ್ನು ಯಾರಿಗೂ ಹೇಳಬೇಡಿ, ವಿಡಿಯೊ ಅಂತೂ ಮಾಡಲೇಬೇಡಿ.

ಕಳೆದ ವರ್ಷ ಶಾಂತಿನಗರದ ಬಸ್ ನಿಲ್ದಾಣದಲ್ಲಿ ರಾಯಚೂರಿನ ಆ ವ್ಯಕ್ತಿ ಮೂರನೆಯ ಸಲ ಸಿಕ್ಕ. ತಲೆ ನರೆತಿತ್ತು, ಒಬ್ಬನೇ ಇದ್ದ, ಈ ಸಲ ಊರು ಕೊಪ್ಪಳವಾಗಿತ್ತು. ಹಿಂದೊಮ್ಮೆ ನಿಮಗೆ ಹಣ ಕೊಟ್ಟಿದ್ದೇನೆ ಎಂದೆ. ಆತ ತಲೆ ತಗ್ಗಿಸಿ ಸುಮ್ಮನೆ ನಿಂತ. ಊಟ ಆಗಿದೆಯೇ ಎಂದು ಕೇಳಿದೆ. ಇಲ್ಲ ಎಂದ. ಇಬ್ಬರೂ ಎದುರಿನ ಹೋಟೆಲಿಗೆ ಹೋಗಿ ಊಟ ಮಾಡಿದೆವು. ಹೆಂಡತಿ ಮಗು ಎಲ್ಲಿ ಎಂದು ನಾನು ಕೇಳಲಿಲ್ಲ, ಆತನೂ ಯಾವ ಕಥೆಯನ್ನೂ ಹೇಳಲಿಲ್ಲ.