ಎರಿ ಮಣ್ಣಿಗೆ ಹಬ್ಬುವ ಲಂಟಾನಾ

ಕಲಬುರಗಿಯ ಬಿಸಿಲಿಗೆ ಹುಲ್ಲುಹಾಸು ಹಾಕಬಹುದಾ ಅಂತ ಕೇಳಿದವರಿಗೆಲ್ಲ ಬೇಡ ಅಂತ ಹೇಳ್ತೀನಿ. ಮೇ ತಿಂಗಳಲ್ಲಿ 42 ಡಿಗ್ರಿ ದಾಟಿದಾಗ ಅದಕ್ಕೆ ನೀರು ಎಲ್ಲಿಂದ ತರೋದು? ನೇರಳೆ ಹೂವಿನ, ನೆಲಕ್ಕೆ ಹಬ್ಬುವ ಲಂಟಾನಾ ಹಚ್ಚಿರಿ. ದಕ್ಷಿಣ ಅಮೆರಿಕದ ಗಿಡ, ವರ್ಷವಿಡೀ ಹಸಿರು. ಕಾಡು ಹೊಕ್ಕ ಮುಳ್ಳು ಲಂಟಾನಾ ಬೇರೆ ಜಾತಿ.

ಎರಿ ಮಣ್ಣಿನಲ್ಲಿ, ಅಂದರೆ ಕಪ್ಪು ಮಣ್ಣಿನಲ್ಲಿ, ಇದಕ್ಕೆ ಕಷ್ಟ ಬೇಸಿಗೆಯದಲ್ಲ, ಮಳೆಗಾಲದ್ದು. ಬಿಸಿಲಿಗೆ ಬಿರಿಯುವ ಅದೇ ಮಣ್ಣು ಆಗಸ್ಟ್‌ನಲ್ಲಿ ನೀರು ಹಿಡಿದು ಬೇರು ಕೊಳೆಸುತ್ತದೆ. ತಗ್ಗಿನಲ್ಲಿ ಹಚ್ಚಲೇಬೇಡಿ. ಮಣ್ಣಿಗೆ ಸಮಸಮ ಗರಸು (ಸಣ್ಣ ಕಲ್ಲು ಬೆರೆತ ಮಣ್ಣು), ಸ್ವಲ್ಪ ತಿಪ್ಪೆಗೊಬ್ಬರ ಬೆರೆಸಿ ಅರ್ಧ ಅಡಿ ಎತ್ತರದ ಮಡಿ ಮಾಡಿ. ಬೀದರಿನ ಕೆಂಪು ಮಣ್ಣಿನವರಿಗೆ ಇಷ್ಟು ಕೆಲಸವಿಲ್ಲ.

ಜೂನ್ ಮಳೆ ಬಿದ್ದಮೇಲೆ ಹೂವಿಲ್ಲದ ನಾಲ್ಕು ಇಂಚಿನ ತುಂಡು ಕತ್ತರಿಸಿ, ಕೆಳಗಿನ ಎಲೆ ಕಿತ್ತು, ಒಂದೆರಡು ಗೆಣ್ಣು ಮಣ್ಣೊಳಗೆ ಹೋಗುವಂತೆ ಊರಿ. ಗಿಡಕ್ಕೆ ಗಿಡ ಎರಡು ಅಡಿ. ಮೊದಲ ವರ್ಷ ಮಳೆ ಇಲ್ಲದಾಗ ವಾರಕ್ಕೊಮ್ಮೆ ನೀರು, ಆಮೇಲೆ ಬೇಸಿಗೆಯಲ್ಲಿ ಹದಿನೈದು ದಿನಕ್ಕೊಮ್ಮೆ ಸಾಕು. ನಮ್ಮ ಅಂಗಳದಲ್ಲಿ ಕಾದ ಶಹಾಬಾದ ಪರಸಿಯ (ಹಾಸುಗಲ್ಲಿನ) ಮೇಲೂ ಹರಡಿದೆ, ನೋಡಿದರೆ ಕಣ್ಣು ತಂಪು.

ಯೂರಿಯಾ ಹಾಕಬೇಡಿ, ಎಲೆ ಹೆಚ್ಚಿ ಹೂ ಕಡಿಮೆಯಾಗುತ್ತದೆ. ಮಳೆಗೆ ಮುಂಚೆ ಮೂರನೇ ಒಂದು ಭಾಗ ಸವರಿ. ಸವರಿದ್ದನ್ನು ಓಣಿಗೆ ಎಸೆಯಬೇಡಿ, ಆಡು-ದನ ತಿಂದರೆ ವಿಷ.